ಉಬ್ಬಸದ ಔಷಧ ಊರಿಗೊಂದು ಥರ ಯಾಕೆ? ಇನ್ಹೇಲರ್, ಮಾತ್ರೆ, ಸ್ಟಿರಾಯ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಫಾರ್ಮಸಿಸ್ಟ್. ಸಾಗರದಲ್ಲಿ ಆರು ವರ್ಷ, ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಬೆಂಗಳೂರಿನಲ್ಲಿ ಇದು ಹನ್ನೊಂದನೇ ವರ್ಷ. ಸಾಗರದಲ್ಲಿ ಉಬ್ಬಸ ಅನ್ನುತ್ತಿದ್ದರು. ಹುಬ್ಬಳ್ಳಿಯಲ್ಲಿ ದಮ್ಮು. ಬೆಂಗಳೂರಿನಲ್ಲಿ ವೀಜಿಂಗ್. ಕಾಯಿಲೆ ಒಂದೇ, ಆದರೆ ಕೌಂಟರ್ ಮೇಲೆ ಬರುವ ಚೀಟಿ ಮೂರು ಊರಲ್ಲಿ ಮೂರು ಥರ ಇತ್ತು. ಜನ ಕೇಳುವ ಪ್ರಶ್ನೆಗಳು ಮಾತ್ರ ಎಲ್ಲ ಕಡೆಯೂ ಅವೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಹಾಗಾಗಿ ಇದನ್ನು ಓದಿ ನಿಮ್ಮ ಔಷಧ ನೀವೇ ಬದಲಾಯಿಸಿಕೊಳ್ಳಬೇಡಿ. ಡಾಕ್ಟರ್ ಮುಂದೆ ಏನು ಕೇಳಬೇಕು ಅನ್ನುವುದಕ್ಕೆ ಇದನ್ನು ಇಟ್ಟುಕೊಳ್ಳಿ.

ಒಂದೇ ಕಾಯಿಲೆಗೆ ಊರಿಗೊಂದು ಔಷಧ ಯಾಕೆ? ನಮ್ಮ ಮೈ ಬೇರೆ, ಅವರ ಮೈ ಬೇರೆ ಅಂತಲಾ?

ಮೈ ಬೇರೆ ಅನ್ನುವುದು ತೀರಾ ಸಣ್ಣ ಕಾರಣ. ಉಬ್ಬಸ ಅಂದರೆ ಉಸಿರಿನ ಕೊಳವೆಗಳ ಒಳಗೋಡೆ ಊದಿಕೊಳ್ಳುವುದು, ಸುತ್ತಲಿನ ಸ್ನಾಯು ಬಿಗಿಯುವುದು. ಹೆಲ್ಸಿಂಕಿಯಲ್ಲಾದರೂ ಅಷ್ಟೇ, ಹೊಸನಗರದಲ್ಲಾದರೂ ಅಷ್ಟೇ. ಊತಕ್ಕೆ ಒಂದು ಮದ್ದು (ಸ್ಟಿರಾಯ್ಡ್ ಅನ್ನುವುದು ಇದಕ್ಕೇ), ಬಿಗಿತಕ್ಕೆ ಇನ್ನೊಂದು ಮದ್ದು ಬೇಕು. ಈ ಲೆಕ್ಕ ಎಲ್ಲೂ ಬದಲಾಗುವುದಿಲ್ಲ.

ಬದಲಾಗುವುದು ಬೇರೆ ಸಂಗತಿಗಳು. ಔಷಧಕ್ಕೆ ದುಡ್ಡು ಯಾರು ಕೊಡುತ್ತಾರೆ? ಹತ್ತಿರದಲ್ಲಿ ಇರುವುದು ಎದೆ ರೋಗದ ಡಾಕ್ಟರಾ, ಅಥವಾ ಒಬ್ಬರೇ ಎಲ್ಲ ಕಾಯಿಲೆ ನೋಡುವ ಡಾಕ್ಟರಾ? ಚೀಟಿ ಇಲ್ಲದೆ ಅಂಗಡಿಯಲ್ಲಿ ಏನು ಸಿಗುತ್ತದೆ? ಪಂಪ್, ಅಂದರೆ ಇನ್ಹೇಲರ್, ಹಿಡಿದರೆ ಮಗಳಿಗೆ ಗಂಡು ಸಿಗುವುದಿಲ್ಲ ಅನ್ನುವ ಭಯ ಆ ಊರಲ್ಲಿ ಎಷ್ಟಿದೆ? ಸಾಗರದಲ್ಲಿ ನಾನು ಕಂಡ ಹಾಗೆ, ಜೂನ್ ಬಂತೆಂದರೆ ಸಣ್ಣ ಬಿಳಿ ಸ್ಟಿರಾಯ್ಡ್ ಮಾತ್ರೆಯ ಡಬ್ಬಿಗಳು ಬೇಗ ಖಾಲಿ. ಹುಬ್ಬಳ್ಳಿಯಲ್ಲಿ ಮೊದಲು ಎಲ್ಲೋ ಒಂದು ಇಂಜೆಕ್ಷನ್ ಮಾಡಿಸಿಕೊಂಡು, ಆಮೇಲೆ ಮಾತ್ರೆಗೆ ಅಂತ ಅಂಗಡಿಗೆ ಬರುವವರು ಜಾಸ್ತಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೊಂದು ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ). ಇದು ಕೌಂಟರ್ ಹಿಂದೆ ನಿಂತವನ ಅನುಭವ, ಸಮೀಕ್ಷೆ ಅಲ್ಲ. ಆದರೆ ಮೂರು ಕಡೆಯೂ ಒಂದು ಮಾತು ನಿಜ. ದಿನಾ ತಗೊಳ್ಳಬೇಕಾದ ಊತದ ಇನ್ಹೇಲರನ್ನು ತಿಂಗಳು ತಿಂಗಳು ತಪ್ಪದೆ ಒಯ್ಯುವವರು ಬೆರಳೆಣಿಕೆಯಷ್ಟು.

ಭಾರತದ ಲೆಕ್ಕ ಏನು ಹೇಳುತ್ತದೆ?

ಜಾಗತಿಕ ರೋಗಹೊರೆ ಅಧ್ಯಯನದ 2019ರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಜನಕ್ಕೆ ಉಬ್ಬಸ ಇದೆ. ಜಗತ್ತಿನ ಉಬ್ಬಸದವರಲ್ಲಿ ನಾವು ಸುಮಾರು 13%. ಉಬ್ಬಸದಿಂದ ಸಾಯುವವರಲ್ಲಿ ನಮ್ಮ ಪಾಲು 40%ಗಿಂತ ಹೆಚ್ಚು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಬೇರೇನೂ ಹೇಳಬೇಕಿಲ್ಲ.

ಮೈಸೂರೂ ಸೇರಿ ದೇಶದ ಒಂಬತ್ತು ಕಡೆ ನಡೆದ ಒಂದು ದೊಡ್ಡ ಅಧ್ಯಯನ ಇದೆ. ಎದೆಯಲ್ಲಿ ಸುಂಯ್ ಸುಂಯ್ ಸದ್ದು ಇದ್ದವರಲ್ಲಿ 82% ಜನಕ್ಕೆ ‘ನಿಮಗೆ ಇರುವುದು ಅಸ್ತಮಾ’ ಎಂದು ಯಾರೂ ಹೇಳಿರಲೇ ಇಲ್ಲ. ತೀವ್ರ ಲಕ್ಷಣ ಇದ್ದವರಲ್ಲೂ 70% ಜನರ ಕಥೆ ಅದೇ. ಹೆಸರೇ ಇಡದ ಕಾಯಿಲೆಗೆ ಸರಿಯಾದ ಮದ್ದು ಎಲ್ಲಿಂದ ಬರಬೇಕು? ‘ಕಫ ಕಟ್ಟಿದೆ’, ‘ಶೀತ ಇಳಿದಿದೆ’, ‘ಅಲರ್ಜಿ ಕೆಮ್ಮು’ ಅಂತ ಹೆಸರು ಇಟ್ಟುಕೊಂಡು ಐದು ದಿನದ ಕಟ್ಟು ಒಯ್ಯುತ್ತಾರೆ. ಆ ಕಟ್ಟಿನೊಳಗೆ ಒಂದು ಸ್ಟಿರಾಯ್ಡ್ ಮಾತ್ರೆ ಇರುತ್ತದೆ.

ಪಂಪ್ ಅಂದರೆ ಕೊನೇ ಹಂತ ಅಲ್ವಾ? ಒಮ್ಮೆ ಶುರು ಮಾಡಿದರೆ ಬಿಡಲು ಆಗೋದಿಲ್ಲವಂತೆ?

ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಹೆಚ್ಚಾಗಿ ಅಜ್ಜಿಯಂದಿರಿಂದ, ಮೊಮ್ಮಗು ಪಕ್ಕದಲ್ಲಿ ಕೆಮ್ಮುತ್ತಾ ನಿಂತಿರುವಾಗ.

ವಿಷಯ ತಲೆಕೆಳಗಾಗಿದೆ. ಪಂಪ್ ಮೊದಲ ಹಂತ. ಕೊನೇ ಹಂತದಲ್ಲಿ ಬರಬೇಕಾದ್ದು ದಿನವೂ ನುಂಗುವ ಸ್ಟಿರಾಯ್ಡ್ ಮಾತ್ರೆ. ಇನ್ಹೇಲರ್‌ಗೆ ಚಟ ಹಿಡಿಸುವ ಗುಣ ಇಲ್ಲ. ನಿಲ್ಲಿಸಿದಾಗ ಉಬ್ಬಸ ತಿರುಗಿ ಬರುತ್ತದೆ, ನಿಜ. ಅದು ಚಟ ಅಲ್ಲ, ಕಾಯಿಲೆ ಒಳಗೆ ಇನ್ನೂ ಇದೆ ಅನ್ನುವುದರ ಗುರುತು. ಕನ್ನಡಕ ತೆಗೆದರೆ ಮಂಜು ಕಾಣುವುದಕ್ಕೆ ಕನ್ನಡಕದ ಚಟ ಅನ್ನುತ್ತೀರಾ?

ಇನ್ಹೇಲರ್‌ನಲ್ಲೂ ಸ್ಟಿರಾಯ್ಡ್, ಮಾತ್ರೆಯಲ್ಲೂ ಸ್ಟಿರಾಯ್ಡ್. ಮತ್ತೆ ವ್ಯತ್ಯಾಸ ಏನು?

ತೂಕದಲ್ಲಿ ನೋಡೋಣ. ಊತದ ಇನ್ಹೇಲರ್‌ನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 200 ಮೈಕ್ರೋಗ್ರಾಂ ಬುಡೆಸೊನೈಡ್ ಅನ್ನುವ ಸ್ಟಿರಾಯ್ಡ್ ಇರುತ್ತದೆ. ಉಬ್ಬಸ ಕೆರಳಿದಾಗ ದೊಡ್ಡವರಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಎರಡೂ ಬೇರೆ ಬೇರೆ ಔಷಧ, ಶಕ್ತಿಯೂ ಬೇರೆ. ಹಾಗಾಗಿ ತೂಕ ಒಂದೇ ಪೂರ್ತಿ ಲೆಕ್ಕ ಅಲ್ಲ. ಆದರೂ ಅಂದಾಜು ಸಿಕ್ಕಿತು ಅಲ್ವಾ? ಮೂಲೆಯ ಗಿಡದ ಬುಡಕ್ಕೆ ಒಂದು ಚೊಂಬು ನೀರು ಹಾಕುವುದು ಒಂದು. ಅದೊಂದು ಗಿಡಕ್ಕಾಗಿ ಇಡೀ ತೋಟಕ್ಕೆ ಕಾಲುವೆ ಬಿಡುವುದು ಇನ್ನೊಂದು. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೂಳೆ, ಕಣ್ಣು, ಸಕ್ಕರೆ, ಚರ್ಮ ಎಲ್ಲವನ್ನೂ ಮುಟ್ಟಿ ಆಮೇಲೆ ಶ್ವಾಸಕೋಶಕ್ಕೆ ಬರುತ್ತದೆ.

ಇನ್ಹೇಲರ್‌ಗೂ ಅಡ್ಡ ಪರಿಣಾಮ ಇದೆ. ಬಾಯಲ್ಲಿ ಬಿಳಿ ಅಗ್ರ ಬರಬಹುದು, ದನಿ ಒಡೆಯಬಹುದು. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಹುತೇಕ ತಪ್ಪುತ್ತದೆ. ದಿನಾ ಸಂಗೀತ ಹೇಳಿಕೊಡುವ ಒಬ್ಬರು ನಮ್ಮ ಗಿರಾಕಿ. ಸ್ಪೇಸರ್ (ಇನ್ಹೇಲರ್ ಮತ್ತು ಬಾಯಿಯ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಂಡು ತಗೊಳ್ಳಲು ಶುರು ಮಾಡಿದ ಮೇಲೆ ದನಿಯ ತಕರಾರು ಕಡಿಮೆಯಾಯಿತು ಅನ್ನುತ್ತಾರೆ.

ನಾನು ತಗೊಳ್ಳುತ್ತಿರುವುದು ಸ್ಟಿರಾಯ್ಡ್ ಅಂತ ಗೊತ್ತಾಗುವುದು ಹೇಗೆ?

ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂದೆ ಓದಿ. ಬ್ರ್ಯಾಂಡ್ ಹೆಸರು ಬಿಡಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ಇರುವುದನ್ನು ನೋಡಿ. ಪ್ರೆಡ್ನಿಸೊಲೋನ್, ಮಿಥೈಲ್ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಜಾಕಾರ್ಟ್. ನಮ್ಮಲ್ಲಿ ಓಡುವುದು ಹೆಚ್ಚಾಗಿ ಈ ಐದು. ವೈಸೊಲೋನ್, ಓಮ್ನಾಕಾರ್ಟಿಲ್ ಅಂದರೆ ಪ್ರೆಡ್ನಿಸೊಲೋನ್. ಬೆಟ್ನೆಸಾಲ್ ಅಂದರೆ ಬೀಟಾಮೆಥಾಸೋನ್. ಡೆಕ್ಸೋನಾ ಅಂದರೆ ಡೆಕ್ಸಾಮೆಥಾಸೋನ್.

ಮಿಲಿಗ್ರಾಂ ಕಡಿಮೆ ಅಂತ ಮೋಸ ಹೋಗಬೇಡಿ. 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ ಆಗಲು 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಸಾಕು. ‘ಅರ್ಧ ಮಿಲಿಗ್ರಾಂ ಮಾತ್ರೆ ಅಷ್ಟೇ, ದಿನಕ್ಕೆ ಮೂರು’ ಅಂದರೆ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ನುಂಗಿದ ಹಾಗೆ. ಡೆಕ್ಸಾಮೆಥಾಸೋನ್ ಮೈಯಲ್ಲಿ ಉಳಿಯುವ ಹೊತ್ತೂ ಜಾಸ್ತಿ.

ಕಷ್ಟ ಇರುವುದು ಪೊಟ್ಟಣದ ಮಾತ್ರೆಯಲ್ಲಿ. ಹಳ್ಳಿ ಕಡೆ, ಸಣ್ಣ ಪೇಟೆಗಳಲ್ಲಿ ಪಟ್ಟಿಯಿಂದ ಬಿಡಿಸಿ, ಕಾಗದದಲ್ಲಿ ಸುತ್ತಿ ಕೊಡುವ ರೂಢಿ ಇನ್ನೂ ಇದೆ. ಒಂದು ಹಳದಿ, ಒಂದು ದೊಡ್ಡ ಬಿಳಿ, ಒಂದು ಸಣ್ಣ ಬಿಳಿ. ಹೆಸರಿಲ್ಲ. ‘ಸಣ್ಣದು ತಗೊಂಡರೆ ಆರಾಮ, ಅದನ್ನೇ ಕೊಡಿ’ ಎಂದು ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ಹಿಟ್ಟಾದ ಅರ್ಧ ಮಾತ್ರೆ ನೋಡಿ ಹೆಸರು ಹೇಳಲು ನನಗೂ ಆಗುವುದಿಲ್ಲ. ಆದ್ದರಿಂದ ಕೊಡುವವರ ಹತ್ತಿರವೇ ಕೇಳಿ: ‘ಇದರ ಹೆಸರು ಬರೆದುಕೊಡಿ ಡಾಕ್ಟ್ರೇ.’ ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಸ್ಟಿರಾಯ್ಡ್ ಮಾತ್ರೆ ತಗೊಂಡರೆ ಎರಡೇ ದಿನದಲ್ಲಿ ಹಗುರ. ಅಷ್ಟು ಒಳ್ಳೆಯ ಮಾತ್ರೆಗೆ ಇಷ್ಟೊಂದು ಹೆದರಿಕೆ ಯಾಕೆ?

ಒಳ್ಳೆಯ ಮಾತ್ರೆಯೇ. ಉಬ್ಬಸ ಜೋರಾದಾಗ ಅದು ಜೀವ ಉಳಿಸುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಗೋಳು ಇರುವುದು ಲೆಕ್ಕ ಇಡದೆ ಇರುವುದರಲ್ಲಿ.

ಒಂದು ಕೋರ್ಸ್ ಅಂದರೆ ದಿನಕ್ಕೆ 40 ಮಿಲಿಗ್ರಾಂ, 5 ದಿನ. ಒಟ್ಟು 200. ನಾಲ್ಕು ಸಲ ಆದರೆ 800. ಬ್ರಿಟನ್ನಿನಲ್ಲಿ 24,000ಕ್ಕೂ ಹೆಚ್ಚು ಉಬ್ಬಸ ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ಒಟ್ಟು ಮೊತ್ತ 500ರಿಂದ 1,000 ಮಿಲಿಗ್ರಾಂ ಮುಟ್ಟುವ ಹೊತ್ತಿಗೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯಂಥ ತೊಂದರೆಗಳ ಅಪಾಯ ಏರಲು ಶುರುವಾಗುತ್ತದೆ ಎಂದು ಅದು ತೋರಿಸಿತು. ಗಮನಿಸಿ, ಇದು ವರ್ಷಕ್ಕಲ್ಲ. ಬದುಕಿನ ಒಟ್ಟು ಮೊತ್ತ. ‘ಮಳೆಗಾಲಕ್ಕೆ ಒಂದು, ಚಳಿಗೆ ಒಂದು’ ಅಂದುಕೊಂಡು ಎರಡು ವರ್ಷ ಕಳೆದರೆ ಆ ಗೆರೆ ಬಂದೇ ಬಿಡುತ್ತದೆ.

ಇನ್ನೊಂದು ಸಂಗತಿ. ತುಂಬಾ ದಿನ ತಗೊಂಡವರ ಮುಖ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರು ‘ಈಗ ಮೈಕೈ ತುಂಬಿಕೊಂಡಿದ್ದಾಳೆ, ಔಷಧ ಹತ್ತಿದೆ’ ಅನ್ನುತ್ತಾರೆ. ಅದು ಔಷಧ ಹತ್ತಿದ್ದಲ್ಲ. ಸ್ಟಿರಾಯ್ಡ್ ಊತ. ಹೀಗೆ ಹೊಗಳಿಸಿಕೊಂಡ ಒಬ್ಬ ಅಕ್ಕನ ಸಕ್ಕರೆ ಆ ವಾರ 300 ದಾಟಿತ್ತು.

ವರ್ಷಕ್ಕೆ ಎಷ್ಟು ಕೋರ್ಸ್ ತನಕ ಪರವಾಗಿಲ್ಲ?

ಸೊನ್ನೆ ಇರಬೇಕು ಅನ್ನುವುದು ಗುರಿ. ಒಂದು ಬಂದರೆ ಯಾಕೆ ಬಂತು ಅಂತ ಹುಡುಕಬೇಕು. ವರ್ಷದಲ್ಲಿ ಎರಡಾದರೆ ಉಬ್ಬಸ ಹತೋಟಿಯಲ್ಲಿ ಇಲ್ಲ ಅಂತಲೇ ಅರ್ಥ. ಎದೆ ರೋಗದ ಡಾಕ್ಟರ್ ಹತ್ತಿರ ಹೋಗಿ. ಇಂಜೆಕ್ಷನ್ ಮಾಡಿಸಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ. ಮಂಡಿ ನೋವಿಗೆ, ಚರ್ಮದ ತುರಿಕೆಗೆ ಬೇರೆ ಡಾಕ್ಟರ್ ಕೊಟ್ಟ ಸ್ಟಿರಾಯ್ಡ್ ಕೂಡ ಅದೇ ಮೈಗೆ ಹೋಗಿರುತ್ತದೆ.

ಹಾಗಾದರೆ ಇವತ್ತೇ ಮಾತ್ರೆ ನಿಲ್ಲಿಸಿಬಿಡಲಾ?

ಬೇಡ. ಖಂಡಿತ ಬೇಡ.

ಮೂರು ವಾರಕ್ಕಿಂತ ಹೆಚ್ಚು ದಿನ ಸ್ಟಿರಾಯ್ಡ್ ಮಾತ್ರೆ ತಗೊಂಡರೆ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಕೂತಿರಬಹುದು. ಹೊರಗಿನಿಂದ ಬರುತ್ತಿದೆಯಲ್ಲ, ನಾನು ಯಾಕೆ ದುಡಿಯಲಿ ಅಂತ. ಏಕಾಏಕಿ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಡಾಕ್ಟರ್ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರುತ್ತಾರೆ. ಐದಾರು ದಿನದ ಕೋರ್ಸ್‌ಗೆ ಸಾಮಾನ್ಯವಾಗಿ ಇಳಿಸುವ ರಗಳೆ ಇಲ್ಲ. ಇಂಗ್ಲೆಂಡಿನಲ್ಲಿ ಬಹಳ ಕಾಲ ಸ್ಟಿರಾಯ್ಡ್ ತಗೊಳ್ಳುವವರಿಗೆ 2020ರಿಂದ ಒಂದು ತುರ್ತು ಕಾರ್ಡ್ ಕೊಡುತ್ತಾರೆ. ಅಪಘಾತವಾಗಿ ಎಚ್ಚರ ತಪ್ಪಿದರೂ ಆಸ್ಪತ್ರೆಯವರಿಗೆ ಗೊತ್ತಾಗಲಿ ಎಂದು. ನಮ್ಮಲ್ಲಿ ನೀವೇ ಒಂದು ಚೀಟಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಬಹುದು.

ನೀಲಿ ಪಂಪ್ ಒಂದೇ ಸಾಕಾಗುತ್ತಿದೆ. ಏನು ತಪ್ಪು?

ನೀಲಿ ಪಂಪ್ ಅಂದರೆ ಸಾಲ್ಬುಟಮಾಲ್. ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಊತ ಹಾಗೇ ಇರುತ್ತದೆ. ತಕ್ಷಣ ಹಾಯ್ ಅನ್ನಿಸುವುದರಿಂದ ಜನರಿಗೆ ಇದರ ಮೇಲೆಯೇ ಪ್ರೀತಿ.

ಈ ಪ್ರೀತಿಗೆ ಬೇರೆ ದೇಶಗಳು ತೆತ್ತ ಬೆಲೆ ದೊಡ್ಡದು. ನ್ಯೂಜಿಲೆಂಡಿನಲ್ಲಿ 1976ರಲ್ಲಿ ಫೆನೊಟೆರಾಲ್ ಎನ್ನುವ ಇನ್ಹೇಲರ್ ಬಂತು. ಇದೇ ಜಾತಿ, ಆದರೆ ಜಾಸ್ತಿ ಖಾರ. ಅದೇ ಹೊತ್ತಿನಿಂದ ಅಲ್ಲಿ ಉಬ್ಬಸದ ಸಾವು ಏರುತ್ತಾ ಹೋಗಿ ಜಗತ್ತಿನಲ್ಲೇ ಅತಿ ಹೆಚ್ಚು ಅನ್ನುವ ಮಟ್ಟ ಮುಟ್ಟಿತು. 1989ರಲ್ಲಿ ಅಲ್ಲಿನ ಸಂಶೋಧಕರು ಬೆರಳು ತೋರಿಸಿದರು. ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವು ಇಳಿಯಿತು.

ಬ್ರಿಟನ್ನಿನಲ್ಲಿ 195 ಉಬ್ಬಸದ ಸಾವುಗಳನ್ನು ಒಂದೊಂದಾಗಿ ಕೆದಕಿ ನೋಡಿ 2014ರಲ್ಲಿ ವರದಿ ಕೊಟ್ಟರು. ತಕ್ಷಣ ಪರಿಹಾರದ ಪಂಪ್ ಬಳಸುತ್ತಿದ್ದವರಲ್ಲಿ 39% ಜನ ಸಾಯುವ ಹಿಂದಿನ ವರ್ಷದಲ್ಲಿ 12ಕ್ಕಿಂತ ಹೆಚ್ಚು ಪಂಪ್ ಬರೆಸಿಕೊಂಡಿದ್ದರು. ಸ್ವೀಡನ್ನಿನಲ್ಲಿ 3.65 ಲಕ್ಷ ರೋಗಿಗಳ ದಾಖಲೆ ನೋಡಿದಾಗ ಸುಮಾರು 30% ಜನ ವರ್ಷಕ್ಕೆ 3 ಅಥವಾ ಹೆಚ್ಚು ಪಂಪ್ ಒಯ್ದಿದ್ದರು. ಹಾಗೆ ಒಯ್ದವರಲ್ಲಿ ಉಬ್ಬಸ ಕೆರಳುವುದೂ ಜಾಸ್ತಿ, ಸಾವೂ ಜಾಸ್ತಿ. ಸ್ವೀಡನ್ನಿನಂಥ ಕಡೆಯೇ ಹೀಗಾದರೆ ನಮ್ಮಲ್ಲಿ ಹೇಗಿರಬೇಡ!

ಇದೆಲ್ಲ ಸೇರಿ 2019ರಲ್ಲಿ ಜಾಗತಿಕ ಉಬ್ಬಸ ಮಾರ್ಗಸೂಚಿಯೇ ಬದಲಾಯಿತು. ಗೀನಾ ಅನ್ನುತ್ತಾರೆ ಅದಕ್ಕೆ. ದೊಡ್ಡವರಿಗೆ, 12 ದಾಟಿದ ಮಕ್ಕಳಿಗೆ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಬೇಡಿ, ಜೊತೆಗೆ ಊತ ಇಳಿಸುವ ಸ್ಟಿರಾಯ್ಡ್ ಇನ್ಹೇಲರ್ ಇರಲೇಬೇಕು ಎಂದು ಅದು ಹೇಳುತ್ತದೆ. ಊತ ಇಳಿಸುವ ಬುಡೆಸೊನೈಡ್ ಮತ್ತು ಬಿಗಿತ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪನ್ನು ದಿನದ ಮದ್ದಾಗಿಯೂ, ತುರ್ತಿಗೂ ಬಳಸುವ ಪದ್ಧತಿ ಈಗ ಮುಂಚೂಣಿಯಲ್ಲಿದೆ. ಈ ಜೋಡಿ ನಮ್ಮ ದೇಶದ 2022ರ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಪಟ್ಟಿಯಲ್ಲಿ ಇರುವುದು ಬೇರೆ, ನಿಮ್ಮೂರ ಕಪಾಟಿನಲ್ಲಿ ಇರುವುದು ಬೇರೆ. ಅದೂ ನಿಜ.

ನಮ್ಮಪ್ಪ ನಲವತ್ತು ವರ್ಷದಿಂದ ಡೆರಿಫಿಲಿನ್ ಮೇಲೇ ಇದ್ದಾರೆ. ಅದು ಹಳೇ ಮದ್ದಾ?

ಹಳೇದು. ಥಿಯೊಫಿಲಿನ್ ಜಾತಿ, ಚಹಾ-ಕಾಫಿಯ ಕೆಫೀನ್‌ನ ನೆಂಟ. ಅಗ್ಗ, ಮಾತ್ರೆ ರೂಪ, ಗುಟ್ಟಾಗಿ ನುಂಗಬಹುದು. ಹಾಗಾಗಿ ನಮ್ಮ ಕಡೆ ಇನ್ನೂ ಓಡುತ್ತದೆ. ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಇರುವ ಜಾಗ ಕಿರಿದು. ವಾಂತಿ, ಎದೆ ಡವಡವ, ನಿದ್ದೆ ಇಲ್ಲ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಜೊತೆ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರಿಬಿಡುತ್ತದೆ. ನಿಲ್ಲಿಸಿ ಅನ್ನುತ್ತಿಲ್ಲ. ಇನ್ನೊಂದು ಮಾತ್ರೆ ಬರೆಸುವಾಗ ಇದರ ಹೆಸರು ಹೇಳುವುದನ್ನು ಮರೆಯಬೇಡಿ. ಸಾಲ್ಬುಟಮಾಲ್ ಮಾತ್ರೆ, ಸಿರಪ್‌ಗೂ ಇದೇ ಮಾತು. ಕೈ ನಡುಗಿಸುವುದರಲ್ಲಿ ಅವು ಪಂಪ್‌ಗಿಂತ ಮುಂದೆ, ಉಸಿರು ಬಿಡಿಸುವುದರಲ್ಲಿ ಹಿಂದೆ.

ಬಡ ದೇಶಗಳ ರೂಢಿ ಇದು ಅಂದುಕೊಳ್ಳಬೇಡಿ. ಜಪಾನಿನಲ್ಲೂ ಥಿಯೊಫಿಲಿನ್ ದಶಕಗಟ್ಟಲೆ ರಾಜ. ಬಿಗಿತ ಸಡಿಲಿಸಲು ಎದೆಗೆ ಅಂಟಿಸುವ ಟುಲೊಬುಟೆರಾಲ್ ಪಟ್ಟಿಯನ್ನು 1998ರಲ್ಲಿ ಅವರೇ ತಂದರು. 1995ರಲ್ಲಿ ಅಲ್ಲಿ ಉಬ್ಬಸದಿಂದ ಸತ್ತವರು 7,000ಕ್ಕೂ ಹೆಚ್ಚು. ಸ್ಟಿರಾಯ್ಡ್ ಇನ್ಹೇಲರ್ ಬಳಕೆ ಹರಡಿದಂತೆ ಅದು ಇಳಿಯುತ್ತಾ 2010ರ ದಶಕದಲ್ಲಿ 2,000ಕ್ಕಿಂತ ಕೆಳಗೆ ಬಂತು.

ಸರ್ಕಾರ ಮನಸ್ಸು ಮಾಡಿ ಬದಲಾಯಿಸಿದ ಊರು ಯಾವುದಾದರೂ ಇದೆಯಾ?

ನನಗೆ ತುಂಬಾ ಇಷ್ಟವಾದದ್ದು ಫಿನ್ಲೆಂಡ್. 1994ರಿಂದ 2004ರ ತನಕ ಹತ್ತು ವರ್ಷದ ಕಾರ್ಯಕ್ರಮ. ಬೇಗ ಗುರುತಿಸು, ಮೊದಲ ದಿನದಿಂದಲೇ ಊತಕ್ಕೆ ಮದ್ದು ಕೊಡು. ಇಷ್ಟೇ ಸೂತ್ರ. ಡಾಕ್ಟರ್, ನರ್ಸ್ ಜೊತೆ ಔಷಧಿ ಅಂಗಡಿಯವರನ್ನೂ ಸೇರಿಸಿಕೊಂಡರು. ಇನ್ಹೇಲರ್ ಹಿಡಿಯುವುದನ್ನು ಕೌಂಟರ್‌ನಲ್ಲಿ ನಿಂತೇ ಕಲಿಸಲು ನೂರಾರು ಫಾರ್ಮಸಿಸ್ಟ್‌ಗಳನ್ನು ತಯಾರು ಮಾಡಿದರು. ಹತ್ತು ವರ್ಷದಲ್ಲಿ ಉಬ್ಬಸಕ್ಕೆಂದು ಆಸ್ಪತ್ರೆಯಲ್ಲಿ ಮಲಗುವ ದಿನಗಳು ಅರ್ಧಕ್ಕಿಂತ ಕೆಳಗಿಳಿದವು. ನಮ್ಮ ಅಂಗಡಿಗಳಲ್ಲಿ ಅಂಥದ್ದಕ್ಕೆ ಎರಡು ನಿಮಿಷ ಸಿಗುವುದೂ ಕಷ್ಟ. ಹಿಂದೆ ನಿಂತವರು ‘ಬೇಗ ಕೊಡ್ರೀ’ ಅನ್ನುತ್ತಿರುತ್ತಾರೆ.

ಫಿನ್ಲೆಂಡ್ ಶ್ರೀಮಂತ ದೇಶ, ಬಿಡಿ ಅನ್ನುವವರಿಗೆ ಬ್ರೆಜಿಲ್ ಇದೆ. ಸಾಲ್ವಡೋರ್ ನಗರದಲ್ಲಿ 2003ರಿಂದ ತೀವ್ರ ಉಬ್ಬಸದವರಿಗೆ ಸ್ಟಿರಾಯ್ಡ್ ಇನ್ಹೇಲರ್ ಪುಕ್ಕಟೆ ಕೊಟ್ಟರು. ಕೆಲವೇ ವರ್ಷದಲ್ಲಿ ಆಸ್ಪತ್ರೆಗೆ ಸೇರುವವರ ಸಂಖ್ಯೆ ತೀರಾ ಇಳಿಯಿತು. 2012ರಿಂದ ಇಡೀ ದೇಶದಲ್ಲೇ ಕೆಲವು ಉಬ್ಬಸದ ಔಷಧಗಳು ಉಚಿತ.

ಮೃಗಶಿರ ಮಳೆಯ ಮದ್ದು, ಹೈದರಾಬಾದಿನ ಮೀನು ಪ್ರಸಾದ ತಗೊಳ್ಳಬಹುದಾ?

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಹೋಗುವವರು ಬೇಕಾದಷ್ಟು. ಜೂನ್‌ನಲ್ಲಿ ಮೃಗಶಿರ ಕೂಡುವ ದಿನ ಬತ್ತಿನಿ ಮನೆತನದವರು ಸಣ್ಣ ಜೀವಂತ ಮೀನಿನ ಬಾಯಲ್ಲಿ ಹಳದಿ ಮದ್ದಿಟ್ಟು ನುಂಗಿಸುತ್ತಾರೆ. ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ಅದರಲ್ಲಿ ಏನಿದೆ ಎಂದು ಅವರು ಹೇಳುವುದಿಲ್ಲ. ಉಬ್ಬಸ ವಾಸಿಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ನಂಬಿಕೆಯಿಂದ ಹೋಗುವವರನ್ನು ನಾನು ತಡೆಯುವುದಿಲ್ಲ. ಒಂದೇ ಮಾತು ಹೇಳುತ್ತೇನೆ: ಸಾಲಿನಲ್ಲಿ ನಿಲ್ಲುವಾಗಲೂ ಪಂಪ್ ಜೇಬಿನಲ್ಲಿರಲಿ, ಬಂದ ಮೇಲೂ ಬಿಡಬೇಡಿ.

ನನಗೆ ಹೆದರಿಕೆ ಮೀನಿನದ್ದಲ್ಲ, ಹೆಸರಿಲ್ಲದ ಪುಡಿಯದ್ದು. ‘ಅಪ್ಪಟ ಗಿಡಮೂಲಿಕೆ, ಮೂರೇ ದಿನದಲ್ಲಿ ಉಸಿರು ಸಲೀಸು’ ಅಂತ ಡಬ್ಬಿಯಲ್ಲಿ ಬರುವ ಕೆಲವು ಪುಡಿಗಳಿಗೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಭಾರತದ ಡಾಕ್ಟರುಗಳು ಇಂಥ ಪ್ರಕರಣಗಳನ್ನು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಬೇರಾವ ಮದ್ದಿಗೂ ಬಗ್ಗದ ಉಬ್ಬಸ ಪುಡಿಗೆ ಥಟ್ ಅಂತ ಬಗ್ಗಿತು, ಜೊತೆಗೆ ಹಸಿವು ಹೆಚ್ಚಿ ಮುಖ ಊದಿತು ಅಂದರೆ ಅನುಮಾನ ಪಡಿ. ಇದನ್ನೂ ಏಕಾಏಕಿ ನಿಲ್ಲಿಸಬೇಡಿ. ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಹೋಗಿ.

ಕರ್ನಾಟಕದ ಒಳಗೇ ಉಬ್ಬಸ ಕೆರಳಿಸುವುದು ಬೇರೆ ಬೇರೆಯಾ?

ಹೌದು. ಬೆಂಗಳೂರಿನ ಮಕ್ಕಳ ಡಾಕ್ಟರ್ ಎಚ್. ಪರಮೇಶ್ ಅವರು 20 ವರ್ಷ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿದ್ದರು. 1979ರಲ್ಲಿ 9% ಇದ್ದ ಉಬ್ಬಸ 1999ಕ್ಕೆ 29.5% ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಇದು, ಇಡೀ ಊರಿನದಲ್ಲ. ಆದರೂ ಆ ಏರಿಕೆ ಸಣ್ಣದಲ್ಲ. ಬೆಂಗಳೂರಿನಲ್ಲಿ ವಾಹನದ ಹೊಗೆ, ಕಾಮಗಾರಿ ಧೂಳು, ಕಾಂಗ್ರೆಸ್ ಗಿಡದ ಪರಾಗ. ಮಲೆನಾಡಿನಲ್ಲಿ ಗೋಡೆಯ ಬೂಷ್ಟು, ಒಣಗದ ಕಂಬಳಿ, ಬಚ್ಚಲೊಲೆಯ ಹೊಗೆ. ಬಯಲುಸೀಮೆಯಲ್ಲಿ ಒಕ್ಕಣೆ ಧೂಳು. ಬ್ಯಾಡಗಿ ಕಡೆ ಮೆಣಸಿನಕಾಯಿ ಘಾಟು. ಕೆರಳಿಸುವುದು ಏನೇ ಇರಲಿ, ಒಳಗಿನ ಊತ ಅದೇ. ‘ಇಲ್ಲಿನ ಹವೆಗೆ ಇಂಜೆಕ್ಷನ್ನೇ ಬೇಕು’ ಅನ್ನುವ ಮಾತಿಗೆ ಅರ್ಥ ಇಲ್ಲ.

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೋಗುವವರು ಏನು ತಿಳಿದಿರಬೇಕು?

ಮೊದಲು ಹೆಸರು. ನಮ್ಮ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್. ಅಲ್ಲಿ ಚೀಟಿ ಬೇಕು, ಬೆಲೆ ಜೇಬು ಸುಡುತ್ತದೆ. 2024ರಲ್ಲಿ ಮೂರು ದೊಡ್ಡ ಕಂಪನಿಗಳು ತಮ್ಮ ಇನ್ಹೇಲರ್‌ಗಳಿಗೆ ತಿಂಗಳಿಗೆ 35 ಡಾಲರ್ ಮಿತಿ ಹಾಕಿಕೊಂಡವು. ಆಸ್ಟ್ರೇಲಿಯಾದಲ್ಲಿ ಸಾಲ್ಬುಟಮಾಲ್ ಪಂಪನ್ನು ಫಾರ್ಮಸಿಸ್ಟ್ ಹತ್ತಿರ ಚೀಟಿ ಇಲ್ಲದೆ ಕೊಳ್ಳಬಹುದು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಚೀಟಿಯ ಔಷಧ ಉಚಿತ. ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ದುಡ್ಡು. ಒಂದೇ ದೇಶದೊಳಗೂ ಹೀಗೆ.

ಮೆಲ್ಬರ್ನ್‌ನಲ್ಲಿ ಮಕ್ಕಳಿರುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. 2016ರ ನವೆಂಬರ್ 21ರಂದು ಅಲ್ಲಿ ಗುಡುಗು ಮಳೆಯ ಜೊತೆ ಹುಲ್ಲಿನ ಪರಾಗ ಒಡೆದು ಹರಡಿ ಸಾವಿರಾರು ಜನ ಒಂದೇ ಸಂಜೆ ಉಸಿರಿಗೆ ಒದ್ದಾಡಿದರು. ಹತ್ತು ಮಂದಿ ಸತ್ತರು. ಸಿಕ್ಕಿಹಾಕಿಕೊಂಡವರಲ್ಲಿ ಬರೀ ಸೀನು-ನೆಗಡಿ ಇದ್ದು, ಉಬ್ಬಸ ಇದೆ ಅಂತ ಗೊತ್ತೇ ಇಲ್ಲದವರು ಬಹಳ. ಅಲ್ಲಿ ನವೆಂಬರ್ ಅಂದರೆ ವಸಂತ. ಸೀನು ಜಾಸ್ತಿ ಇರುವ ಮಕ್ಕಳು ಮೊದಲೇ ಡಾಕ್ಟರ್‌ಗೆ ತೋರಿಸಿಕೊಳ್ಳಲಿ.

ಮಗುವಿಗೆ ಇನ್ಹೇಲರ್ ಕೊಟ್ಟರೆ ಎತ್ತರ ನಿಲ್ಲುತ್ತದಾ?

ಅಮೆರಿಕದಲ್ಲಿ ಮಕ್ಕಳನ್ನು ದೊಡ್ಡವರಾಗುವ ತನಕ ಹಿಂಬಾಲಿಸಿ ಅಳೆದಿದ್ದಾರೆ. ಬುಡೆಸೊನೈಡ್ ಇನ್ಹೇಲರ್ ತಗೊಂಡವರು ಸರಾಸರಿ 1.2 ಸೆಂಟಿಮೀಟರ್ ಗಿಡ್ಡ. ಚಪ್ಪಲಿ ಹಿಮ್ಮಡಿಯಷ್ಟು. ಪದೇ ಪದೇ ಸ್ಟಿರಾಯ್ಡ್ ಸಿರಪ್ ಕುಡಿಸುವುದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ರಾತ್ರಿಯಿಡೀ ಕೆಮ್ಮುವ ಮಗು ನಿದ್ದೆ ಇಲ್ಲದೆಯೂ ಬೆಳೆಯುವುದಿಲ್ಲ.

ಸ್ಪೇಸರ್ ಕೊಳ್ಳಲು ದುಡ್ಡಿಲ್ಲ. ಬೇರೆ ದಾರಿ?

ಇದೆ. ಕೇಪ್‌ಟೌನ್‌ನ ಡಾಕ್ಟರುಗಳು 1999ರಲ್ಲಿ ಪರೀಕ್ಷಿಸಿ ನೋಡಿದ್ದು. 500 ಮಿಲಿಲೀಟರ್ ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದಲ್ಲಿ ಇನ್ಹೇಲರ್ ಬಾಯಿ ಸರಿಯಾಗಿ ಕೂರುವಷ್ಟು ತೂತು ಮಾಡಿ, ಸುತ್ತ ಗಾಳಿ ಹೋಗದಂತೆ ಅಂಟಿಸಿ, ಬಾಟಲಿ ಬಾಯಿಂದ ಮಗು ಉಸಿರೆಳೆದರೆ ಅಂಗಡಿ ಸ್ಪೇಸರ್‌ನಷ್ಟೇ ಕೆಲಸ ಮಾಡಿತು. ಥರ್ಮಾಕೋಲ್ ಲೋಟ ಅಷ್ಟು ಪ್ರಯೋಜನಕ್ಕೆ ಬರಲಿಲ್ಲ.

ಪುಡಿ ಕ್ಯಾಪ್ಸೂಲ್ ಇನ್ಹೇಲರ್ ಕೆಲಸವೇ ಮಾಡುತ್ತಿಲ್ಲ, ಯಾಕೆ?

ಮೊದಲು ಕೇಳುವುದು: ಕ್ಯಾಪ್ಸೂಲನ್ನು ನುಂಗುತ್ತಿಲ್ಲ ತಾನೇ? ನಗಬೇಡಿ. ಹುಬ್ಬಳ್ಳಿಯಲ್ಲಿ ಒಬ್ಬ ಯಜಮಾನರು ಎರಡು ತಿಂಗಳು ರೋಟಾಕ್ಯಾಪ್ ನೀರಿನ ಜೊತೆ ನುಂಗಿದ್ದರು. ಕ್ಯಾಪ್ಸೂಲನ್ನು ಸಾಧನದೊಳಗೆ ಹಾಕಿ ಪುಡಿಯನ್ನು ಉಸಿರಿನಲ್ಲಿ ಎಳೆಯಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಉಬ್ಬಸ ಇಳಿಯದೆ ಕೊನೆಗೆ ಸ್ಟಿರಾಯ್ಡ್ ಮಾತ್ರೆಗೆ ಬಂದಿದ್ದರು. ನುಂಗುತ್ತಿಲ್ಲ ಅಂದರೆ, ಪುಡಿ ಇನ್ಹೇಲರನ್ನು ಜೋರಾಗಿ ಎಳೆಯಬೇಕು, ಗ್ಯಾಸ್ ಪಂಪನ್ನು ನಿಧಾನವಾಗಿ ಎಳೆಯಬೇಕು. ಎರಡರಲ್ಲೂ ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ.

ಮನೆಯಲ್ಲೇ ನೆಬ್ಯುಲೈಸರ್ ಇಟ್ಟುಕೊಂಡರೆ ಒಳ್ಳೆಯದಾ?

ಸ್ಪೇಸರ್ ಜೊತೆ ಪಂಪ್ ಬಹುತೇಕ ಅಷ್ಟೇ ಕೆಲಸ ಮಾಡುತ್ತದೆ. ಕರೆಂಟ್ ಬೇಡ, ತೊಳೆಯುವ ರಗಳೆ ಕಡಿಮೆ. ನೆಬ್ಯುಲೈಸರ್‌ನ ಅಪಾಯ ಏನೆಂದರೆ, ಮನೆಯಲ್ಲಿದೆ ಅನ್ನುವ ಧೈರ್ಯದಲ್ಲಿ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ.

ಯಾವಾಗ ಓಡಬೇಕು?

ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಮಂಕು ಕವಿದರೆ, ಪಂಪ್ ತಗೊಂಡರೂ ಇಳಿಯದಿದ್ದರೆ. 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ನೆಟ್ಟಗೆ ಕೂರಿಸಿ, ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ ಒಂದೊಂದೇ ಪಫ್ ಕೊಡುತ್ತಿರಿ. ಇಂಥ ಹೊತ್ತಲ್ಲಿ ಆಸ್ಪತ್ರೆಯವರು ಸ್ಟಿರಾಯ್ಡ್ ಕೊಟ್ಟರೆ ಬೇಡ ಅನ್ನಬೇಡಿ. ಅದು ಇರುವುದೇ ಅದಕ್ಕೆ.

ಮಾತ್ರೆ ಬಿಡಲು ಆಗದವರಿಗೆ ಹೊಸ ಇಂಜೆಕ್ಷನ್ ಇದೆಯಂತೆ?

ಒಮಾಲಿಜುಮಾಬ್, ಮೆಪೊಲಿಜುಮಾಬ್, ಬೆನ್ರಾಲಿಜುಮಾಬ್. ತೀವ್ರ ಉಬ್ಬಸದ ಕೆಲವು ಬಗೆಗಳಲ್ಲಿ ಇವು ಸ್ಟಿರಾಯ್ಡ್ ಮಾತ್ರೆ ಇಳಿಸಲು ನೆರವಾಗುತ್ತವೆ. ಭಾರತದಲ್ಲಿ ಸಿಗುತ್ತವೆ, ಆದರೆ ತುಂಬಾ ದುಬಾರಿ. ರಕ್ತ ಪರೀಕ್ಷೆ ನೋಡಿ ತಜ್ಞರೇ ತೀರ್ಮಾನಿಸಬೇಕು.

ಡಾಕ್ಟರ್ ಹತ್ತಿರ ಹೋಗುವಾಗ ಏನು ಒಯ್ಯಲಿ?

ಒಂದು ಹಾಳೆ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಸ್ಟಿರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್, ಎಷ್ಟು ನೀಲಿ ಪಂಪ್ ಖಾಲಿ, ವಾರಕ್ಕೆ ಎಷ್ಟು ರಾತ್ರಿ ಎಚ್ಚರ. ಇದರ ಜೊತೆ ಹಳೇ ಪಟ್ಟಿಗಳು, ಖಾಲಿ ಡಬ್ಬಿಗಳು. ನೆನಪಿಲ್ಲದಿದ್ದರೆ ನೀವು ಕೊಳ್ಳುವ ಅಂಗಡಿಯಲ್ಲಿ ಬಿಲ್ ಕೇಳಿ. ಕಂಪ್ಯೂಟರ್ ಬಿಲ್ ಇರುವ ಕಡೆ ತೆಗೆದು ಕೊಡುತ್ತಾರೆ. ನಮ್ಮಲ್ಲಿ ಹೀಗೆ ತೆಗೆದಾಗ ಒಬ್ಬರು ‘ಎರಡು ಸಲ ಇರಬೇಕು’ ಅಂದಿದ್ದರು. ಬಿಲ್‌ನಲ್ಲಿ ಏಳು ಇತ್ತು.

ಪಂಪ್ ಖಾಲಿಯಾಯಿತು ಅಂತ ಗೊತ್ತಾಗುವುದು ಹೇಗೆ? ನೀರಲ್ಲಿ ತೇಲಿಸಿ ನೋಡಬಹುದಾ?

ತೇಲಿಸಬೇಡಿ. ಆ ಪರೀಕ್ಷೆ ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಒಳಗಿನ ಗ್ಯಾಸ್ ಸುಮ್ನೆ ಬುಸ್ ಅನ್ನುತ್ತಲೇ ಇರುತ್ತದೆ. ಎಷ್ಟೋ ಜನ ಖಾಲಿ ಪಂಪ್ ಎಳೆದುಕೊಂಡು ‘ಔಷಧ ನಾಟುತ್ತಿಲ್ಲ’ ಎಂದು ಮಾತ್ರೆಗೆ ಬರುತ್ತಾರೆ. ಅಂಕಿ ತೋರಿಸುವ ಪಂಪ್ ಇದ್ದರೆ ಅದನ್ನೇ ಕೇಳಿ ತಗೊಳ್ಳಿ. ಇಲ್ಲದಿದ್ದರೆ ಡಬ್ಬಿ ಮೇಲೆ ಎಷ್ಟು ಪಫ್ ಅಂತ ಬರೆದಿರುತ್ತದೆ. 120 ಪಫ್, ದಿನಕ್ಕೆ 4 ಅಂದರೆ 30 ದಿನ. ಶುರು ಮಾಡಿದ ದಿನವೇ ಮುಗಿಯುವ ತಾರೀಕನ್ನು ಪಂಪ್ ಮೇಲೆ ಪೆನ್ನಿನಲ್ಲಿ ಬರೆದುಬಿಡಿ. ನಮ್ಮ ಕೌಂಟರ್‌ನಲ್ಲಿ ಮಾರ್ಕರ್ ಇದಕ್ಕೇ ಇಟ್ಟಿದ್ದೇನೆ.